ಹೊಸ್ತಿಲ ನೀರು-ಬೆಲ್ಲ

ಬರ್ಬ್ಯಾಂಕ್
14 ಜೂನ್ 2021

ಇಲ್ಲ ಅವ್ವಾರೇ, ನಾನು ಓಡಿ ಬಂದಿಲ್ಲ. ಹೇಳದೆ ಕೇಳದೆ ಓಡಿಹೋದ ಅಂತ ನೀವು ಸ್ಲೇಟಿನ ಮೇಲೆ ಬರೆದು ತೋರಿಸಿದಿರಂತೆ. ಗೌರಿ ಅಕ್ಕ ಫೋನಿನಲ್ಲಿ ಹೇಳಿದರು. ಓಡುವವನು ರೊಟ್ಟಿ ಹಂಚು ತೊಳೆದು ಬೋರಲು ಹಾಕಿ, ಹಿಟ್ಟಿನ ಡಬ್ಬಿಗೆ ಮುಚ್ಚಳ ಬಿಗಿದು, ಅತ್ತೆಯ ಚಷ್ಮಾ ಎಲ್ಲಿದೆ ಅಂತ ಸೊಸೆಗೆ ಹೇಳಿ ಹೋಗುತ್ತಾನೆಯೇ? ನೀವು ಎರಡನೇ ಸಲ ಆಸ್ಪತ್ರೆಯಲ್ಲಿದ್ದಿರಿ. ಕೊರೊನಾ ಅಂತ ಒಳಗೆ ಒಂದು ನೊಣವನ್ನೂ ಬಿಡುತ್ತಿರಲಿಲ್ಲ. ಯಾರಿಗೆ ಹೇಳಿ ಬರಲಿ?

ನಿಮ್ಮ ಮಗ ಬೈಯಲಿಲ್ಲ. ಬೈದಿದ್ದರೆ ನಾನು ಅಲ್ಲೇ ಇರುತ್ತಿದ್ದೆ. ವಿಜಯಣ್ಣ ಗ್ಯಾರೇಜಿನ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ, "ಸಿದ್ದು, ಇನ್ನ ಮ್ಯಾಲೆ ಅವ್ವನ ಊಟದ ಉಸಾಬರಿ ನಿನಗ ಬ್ಯಾಡ" ಅಂದರು. ಮೂರು ವರ್ಷ ಆ ಮನೆಯಲ್ಲಿ ನನಗಿದ್ದದ್ದು ಆ ಉಸಾಬರಿ ಒಂದೇ. ವಿಜಯಣ್ಣ, ಗೌರಿ ಅಕ್ಕ ಇಬ್ಬರೂ ಟೊರ್ರಿ ಪೈನ್ಸಿನ ಲ್ಯಾಬಿಗೆ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಇದ್ದವರು ನೀವು, ನಾನು, ರೊಟ್ಟಿ. ಅದು ಬೇಡ ಅಂದ ಮೇಲೆ ನಾನು ಅಲ್ಲಿ ಯಾವ ಲೆಕ್ಕ?

ನೀವೇ ಹೇಳಿ. ಜನವರಿಯಲ್ಲಿ ಲಕ್ವಾ ಹೊಡೆದು ಆಸ್ಪತ್ರೆಗೆ ಹೋದವರು ಮಾರ್ಚಿನಲ್ಲಿ ಗಾಲಿ ಕುರ್ಚಿಯಲ್ಲಿ ಬಂದಿರಿ. ನಲವತ್ತೊಂದು ದಿನ. ಹೊರಗಿನಿಂದ ಬಂದವರಿಗೆ ಹೊಸ್ತಿಲಲ್ಲೇ ತಂಬಿಗೆ ನೀರು, ಬೆಲ್ಲದ ಚೂರು. ಅದು ನಿಮ್ಮದೇ ಕಾಯಿದೆ. ಪಾರ್ಸಲ್ ತಂದ ಮೆಕ್ಸಿಕನ್ ಅಣ್ಣನಿಗೂ ಕೊಡಿಸಿದ್ದಿರಿ. ಅವನು ಬೆಲ್ಲವನ್ನು ಮೂಸಿ ನೋಡಿ ಜೇಬಿಗೆ ಹಾಕಿಕೊಂಡು ಹೋದ. ಹಾಗಿರುವಾಗ ಮನೆಯ ಯಜಮಾನಿಗೇ ಕೊಡದಿರಲೇ? ಎರಡು ಗುಟುಕು ಕುಡಿದಿರಿ. ಕೆಮ್ಮಿದಿರಿ. ಮೂರನೇ ದಿನ ಜ್ವರ. ನೀರು ದಾರಿ ತಪ್ಪಿ ಪುಪ್ಪುಸಕ್ಕೆ ಇಳಿದಿದೆ ಅಂದರು ಡಾಕ್ಟರು. ಲಕ್ವಾ ಆದವರ ಗಂಟಲಿಗೆ ತೆಳ್ಳನೆಯದು ಆಗಿಬರುವುದಿಲ್ಲ ಅಂತ ನನಗೇನು ಗೊತ್ತು? ನನಗೆ ಯಾರೂ ಹೇಳಿರಲಿಲ್ಲ.

ಈಗ ಹೊಟ್ಟೆಗೆ ನಳಿಗೆ ಹಾಕಿದ್ದಾರಂತೆ. ಬಾಯಿಗೆ ಏನೂ ಇಲ್ಲವಂತೆ.

ಹೋದ ವಾರ ಫೋನ್ ಮಾಡಿದಾಗ ನೀವು ಏನೋ ಹೇಳಿದಿರಿ, ನನಗೆ ತಿಳಿಯಲಿಲ್ಲ. ಮತ್ತೆ ಹೇಳಿದಿರಿ, ತಿಳಿಯಲಿಲ್ಲ. ನಾನು ಸುಮ್ಮನೆ "ಹೂನ್ರಿ, ಹೂನ್ರಿ" ಅಂದೆ. ಅದು ನಿಮಗೆ ಗೊತ್ತಾಯಿತು, ಅತ್ತಿರಿ. ಅದಕ್ಕೇ ಈ ಪತ್ರ. ಹತ್ತನೇ ಕ್ಲಾಸಿನಲ್ಲಿ ಪತ್ರಲೇಖನಕ್ಕೆ ನನಗೆ ಐದಕ್ಕೆ ಎರಡು ಬಂದಿತ್ತು. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ನಿಮ್ಮ ರೊಟ್ಟಿ ಬಡಿಯುವವ,
ಸಿದ್ಧಲಿಂಗೇಶ


ಸ್ಯಾನ್ ಡಿಯಾಗೊ
2 ಜುಲೈ 2021

ಸಿದ್ದು,

ಎಡಗೈ ಇದು. ಅಕ್ಷರ ಕುಣೀತಾವ. ನಗಬ್ಯಾಡ.

ದಿನಕ್ಕ ಐದ ಸಲ ನಳಿಗ್ಯಾಗ ಹಾಲಿನಂಥಾದ್ದು ಬಿಡತಾರ. ಹೊಟ್ಟಿ ತುಂಬತೈತಿ. ಬಾಯಿ ಖಾಲಿ.

ಗೌರಿ ಒಲಿ ಹಚ್ಚಿದ್ರ ಅಡಗಿಮನಿ ಬಾಗಲಾ ಹಾಕತಾಳ. ನನಗ ವಾಸನಿ ಬರಬಾರದಂತ. ಪಾಪ, ನನ್ನ ಸಲುವಾಗೇ. ನನಗ ಬೇಕಾಗಿದ್ದು ವಾಸನಿನ.

ಏನ ಕೆಲಸ ಹಿಡದಿ ಬರಿ. ಉಣ್ಣೂ ಸುದ್ದಿ ಬರಿ. ಮುಚ್ಚಿಡಬ್ಯಾಡ.

ಶಾರದವ್ವ


ಬರ್ಬ್ಯಾಂಕ್
20 ಜುಲೈ 2021

ಅವ್ವಾರೇ,

ಉಣ್ಣುವ ಸುದ್ದಿ ಬರಿ ಅಂದಿರಿ. ನಾನೀಗ ಯಾರೂ ಉಣ್ಣದ ಅಡುಗೆ ಮಾಡುತ್ತೇನೆ.

ನಿಜವಾಗಿ. ಇಲ್ಲಿ ಟೀವಿ ಜಾಹೀರಾತಿಗೆ ತಿಂಡಿಯನ್ನು ಸಿಂಗರಿಸಿ ಕ್ಯಾಮೆರಾ ಮುಂದೆ ಇಡುವವರ ಹತ್ತಿರ ಸೇರಿದ್ದೇನೆ. ನಿಮ್ಮ ಕಂಪನಿ ನಾಟಕದಲ್ಲಿ ಮುಖಕ್ಕೆ ಬಣ್ಣ ಹಚ್ಚುವವರು ಇದ್ದರಲ್ಲ, ಹಾಗೆ ಇಲ್ಲಿ ಕೋಳಿಗೆ ಬಣ್ಣ ಹಚ್ಚುತ್ತೇವೆ. ಬಟ್ಟಲಿನಲ್ಲಿ ಹಾಲಿನ ಬದಲು ಬಿಳಿ ಅಂಟು, ಹಾಲಾದರೆ ಕಾರ್ನ್‌ಫ್ಲೇಕ್ಸ್ ಮೆತ್ತಗಾಗುತ್ತದೆ. ಐಸ್‌ಕ್ರೀಮ್ ಅಂದರೆ ನಾದಿದ ಆಲೂಗಡ್ಡೆ. ಬರ್ಗರ್ ಬೀಳದ ಹಾಗೆ ಒಳಗೆ ಕಡ್ಡಿ ಚುಚ್ಚುತ್ತೇನೆ. ಸಂಜೆಗೆ ಎಲ್ಲ ಕಸದ ಡಬ್ಬಿಗೆ. ಮೊದಲ ವಾರ ರೂಢಿಯಂತೆ ಚಮಚ ನೆಕ್ಕಿ ನೋಡಲು ಹೋದಾಗ, ನನ್ನ ಮೇಲಿನವಳು ಲಿಂಡಾ "ಸಿದ್, ನೋ ನೋ, ಅದು ಗ್ಲೂ" ಅಂತ ಕೈ ಹಿಡಿದಳು. ಈಗ ಸ್ಟುಡಿಯೊ ತುಂಬ ನನ್ನ ಹೆಸರು ಗ್ಲೂ.

ಅಪ್ಪ ಊರಿನಿಂದ ಫೋನ್ ಮಾಡಿ ನಗುತ್ತಾನೆ. ಅವನು ಇಲ್ಲಿ ಹದಿನೆಂಟು ವರ್ಷ ಹೋಟೆಲಿನಲ್ಲಿ ಬೆಂದು, ನನ್ನನ್ನು ಕರೆಸಿಕೊಂಡು, ಕೊನೆಗೆ ತಾನೇ ವಾಪಸು ಹೋದ. "ಉಣಸಾಕ ಅಂತ ಕರಸಿದೆ, ನೀ ತೋರಸಾಕತ್ತಿ" ಅಂತಾನೆ.

ಮೊನ್ನೆ ಒಂದು ತಟ್ಟೆಗೆ ಹಬೆ ಬರಿಸಬೇಕಿತ್ತು. ತಟ್ಟೆಯ ಹಿಂದೆ ಕೂತು ಹಬೆ ಬಿಡುತ್ತಿದ್ದಾಗ ನೀವು ನೆನಪಾದಿರಿ. ಕಂಪನಿಯ ಗುಳೇದಗುಡ್ಡ ಕ್ಯಾಂಪಿನ ಸುದ್ದಿ ನೀವು ರೊಟ್ಟಿ ಮುರಿಯುತ್ತ ಎಷ್ಟು ಸಲ ಹೇಳಿದ್ದೀರಿ! ಗಂಡನಿಗೆ ಬಡಿಸಿ, ಉಳಿದ ಖಾಲಿ ತಾಟಿನ ಮುಂದೆ ಕೂತು ಉಂಡ ಹಾಗೆ ಮಾಡುವ ಹೆಂಡತಿಯ ಪಾತ್ರ. ತಾಟಿನಲ್ಲಿ ಏನೂ ಇಲ್ಲ. ಆಟ ಮುಗಿದ ಮೇಲೆ ನೇಕಾರರ ಹೆಣ್ಣುಮಗಳೊಬ್ಬಳು ಬಣ್ಣದ ಮನೆಗೆ ಬುತ್ತಿ ತಂದು, "ಉಣ್ಣವ್ವಾ, ಹಸದೀದಿ" ಅಂತ ಕೂತುಬಿಟ್ಟಳಂತೆ. ಹೇಗೆ ಮಾಡಿದಿರಿ ಅಂತ ನಾನು ಕೇಳಿದರೆ, "ಬಾಯಿ ಎಲ್ಲಾರೂ ಆಡಸ್ತಾರೋ. ನುಂಗೂದು ಕಾಣಬೇಕು. ಗಂಟಲಾ ಇಳದ ಏರಬೇಕು" ಅಂದು ಅಲ್ಲೇ ಒಂದು ಸಲ ನುಂಗಿ ತೋರಿಸುತ್ತಿದ್ದಿರಿ. ನನಗೆ ಹೊಟ್ಟೆ ತುಂಬಿದ್ದರೂ ಬಾಯಲ್ಲಿ ನೀರು ಬರುತ್ತಿತ್ತು.

ನಾನು ರೊಟ್ಟಿ ಬಡಿಯದೆ ನಾಲ್ಕು ತಿಂಗಳಾಯಿತು. ಒಬ್ಬನಿಗಾಗಿ ಬಡಿಯಲು ಕೈ ಏಳುವುದಿಲ್ಲ. ಆ ಸದ್ದಿಗೆ ಒಳಗಿನಿಂದ ಯಾರಾದರೂ "ತೆಳ್ಳಗ ಬಡಿಯೋ" ಅನ್ನಬೇಕು.

ಗೌರಿ ಅಕ್ಕನಿಗೆ ಬಾಗಿಲು ತೆಗೆದಿಟ್ಟು ಒಗ್ಗರಣೆ ಹಾಕಲು ಹೇಳಿ. ನಾನು ಹೇಳಿದೆ ಅನ್ನಬೇಡಿ.

ಸಿದ್ದು


ಸ್ಯಾನ್ ಡಿಯಾಗೊ
5 ಸೆಪ್ಟೆಂಬರ್ 2021

ಸಿದ್ದು,

ಗಂಟಲದ ಟೀಚರ್ ಹುಡಿಗಿ ಬರತಾಳ. ಖಾಲಿ ನುಂಗ್ರಿ ಅಂತಾಳ. ದಿನಕ್ಕ ಐವತ್ತ ಸಲ. ಗದ್ದ ಎದಿಗಿ ಹಚ್ಚಿ ಗಟ್ಟಿ ನುಂಗ್ರಿ ಅಂತಾಳ. ನಾ ನಕ್ಕೆ. ನಲವತ್ತ ವರ್ಷ ರಂಗದ ಮ್ಯಾಲ ಅದನ್ನ ಮಾಡೇನಿ. ಆಗ ಕೊಟ್ಟವರು ಚಪ್ಪಾಳಿ. ಈಗ ಇಕಿ ಗುಡ್ ಜಾಬ್ ಅಂತಾಳ.

ಗೌರಿ ಬಾಗಲಾ ತಗದಾಳ. ಬಳ್ಳೊಳ್ಳಿ ಒಗ್ಗರಣಿ ಬಂತು. ಅತ್ತೆ. ಅಕಿನೂ ಅತ್ತಳು.

ಒಂದ ಮಾತ ಕೇಳತೀನಿ. ತೆಳ್ಳನ ನೀರ ಕೊಡಬ್ಯಾಡಂತ ಸಿದ್ದುಗ ಹೇಳಿದ್ದೆ ಅಂತಾನ ವಿಜಯ. ನನಗ ಯಾರೂ ಹೇಳಿಲ್ಲ ಅಂತ ಬರದಿ ನೀ. ಇಬ್ಬರೊಳಗ ಒಬ್ಬರದು ಸುಳ್ಳ.

ಶಾರದವ್ವ


ಬರ್ಬ್ಯಾಂಕ್
9 ನವೆಂಬರ್ 2021

ಅವ್ವಾರೇ,

ಎರಡು ತಿಂಗಳು ಈ ಪತ್ರ ಬರೆದೆ, ಹರಿದೆ. ನಡುವೆ ರೆಡೊಂಡೊ ಬೀಚಿನಲ್ಲಿ ಒಂದು ಹೋಟೆಲಿಗೆ ಸೇರಿ ಹನ್ನೊಂದು ದಿನಕ್ಕೆ ಬಿಟ್ಟು ಮತ್ತೆ ಲಿಂಡಾ ಹತ್ತಿರ ಬಂದೆ. ಕೂತಲ್ಲಿ ಕೂರಲಾಗುವುದಿಲ್ಲ.

ವಿಜಯಣ್ಣ ಹೇಳಿದ್ದರು.

ನೀವು ಬರುವ ಹಿಂದಿನ ದಿನ ಅಡುಗೆಮನೆಯಲ್ಲಿ ನಿಂತು ಹೇಳಿದರು. "ನೀರ ಸೈತ ಹಂಗ ಕೊಡಬ್ಯಾಡ. ಈ ಪುಡಿ ಕಲಸಿ, ಜೇನಿನಗತೆ ಮಾಡೇ ಕೊಡಬೇಕು. ಇಲ್ಲಂದ್ರ ಪುಪ್ಪುಸಕ್ಕ ಹೋಗತೈತಿ." ನಾನು ಹೂನ್ರಿ ಅಂದೆ. ಅವರು ಮತ್ತೆ ಹೇಳಿದರು. ಮತ್ತೆ ಹೂನ್ರಿ ಅಂದೆ. ಪುಡಿ ಕಲಸಿಯೂ ನೋಡಿದೆ. ನೀರು ಸಿಂಬಳದ ಹಾಗಾಯಿತು, ಬೆರಳಿಗೆ ಎಳೆ ಬಂತು. ಅದನ್ನು ಒಂದು ಲೋಟದಲ್ಲಿ ಮಾಡಿ ಇಟ್ಟಿದ್ದೆ.

ಕುರ್ಚಿ ಹೊಸ್ತಿಲಿಗೆ ಬಂದು ನಿಂತಿತು. ನಿಮ್ಮ ಬಾಯಿ ಒಂದು ಕಡೆ ಜಗ್ಗಿತ್ತು. ನೀವು ಮನೆ ನೋಡಲಿಲ್ಲ, ನನ್ನ ಮುಖ ನೋಡಲಿಲ್ಲ, ನನ್ನ ಕೈ ನೋಡಿದಿರಿ. ಕೈ ಖಾಲಿ ಇತ್ತು. ಆ ಲೋಟ ತರಲು ಒಳಗೆ ಹೋದೆ. ಅದನ್ನು ನಿಮಗೆ ಹೊಸ್ತಿಲಲ್ಲಿ ಕೊಡಲು ನನಗೆ ನಾಚಿಕೆಯಾಯಿತು ಅವ್ವಾರೇ. ತಂಬಿಗೆ ತುಂಬಿಸಿ, ಬೆಲ್ಲ ಹಿಡಿದು ಬಂದೆ. ವಿಜಯಣ್ಣ ಕಾರಿನಿಂದ ಸಾಮಾನು ಇಳಿಸುತ್ತಿದ್ದರು. ಎರಡು ಗುಟುಕಿಗೆ ಏನಾದೀತು ಅಂದುಕೊಂಡೆ. ಇಷ್ಟೇ.

ಹೇಳಿರಲಿಲ್ಲ ಅಂತ ಅವರ ಎದುರಿಗೇ ಅಂದೆ. ಅವರು ನನ್ನನ್ನು ಸುಳ್ಳ ಅನ್ನಲಿಲ್ಲ. ಅವತ್ತಿನಿಂದ ಅವರ ಮುಖ ನನ್ನ ಕಣ್ಣ ಮುಂದೆ ಬಂದರೆ ನಾನೇ ಆ ಕಡೆ ತಿರುಗುತ್ತೇನೆ.

ಇನ್ನು ನೀವು ಬರೆಯದಿದ್ದರೂ ನಡೆಯುತ್ತದೆ.

ಸಿದ್ಧಲಿಂಗೇಶ


ಸ್ಯಾನ್ ಡಿಯಾಗೊ
28 ನವೆಂಬರ್ 2021

ಸಿದ್ದು,

ನನಗೂ ಗೊತ್ತಿತ್ತು.

ಆಸ್ಪತ್ರ್ಯಾಗ ಫೋನಿನ ಮ್ಯಾಲ ಕನ್ನಡದಾಕಿನ್ನ ಕರಿಸಿ ಮೂರ ಸಲ ಹೇಳಿದ್ರು. ತೆಳ್ಳಂದು ಕುಡದ್ರ ಸಾಯ್ತೀರಿ ಅಂದ್ರು. ನಿನ್ನ ಕೈಯಾಗ ತಂಬಗಿ ಕಂಡೆ. ನನ್ನ ಮನಿ, ನನ್ನ ತಂಬಗಿ. ಬ್ಯಾಡ ಅನ್ನಾಕ ಆಗಲಿಲ್ಲ. ಬಾಯಿ ಹೋಗಿತ್ತು, ತಲಿ ಅಲ್ಲಾಡಸಬಹುದಿತ್ತು. ಅಲ್ಲಾಡಸಲಿಲ್ಲ.

ಇದನ್ನ ಎಂಟ ತಿಂಗಳ ವಿಜಯಗ ಹೇಳಿರಲಿಲ್ಲ. ನೀ ಮನಿ ಬಿಟ್ಟಾಗೂ ಹೇಳಲಿಲ್ಲ. ನಿನ್ನ ಪತ್ರ ಬಂದ ದಿನ ಸ್ಲೇಟಿನ ಮ್ಯಾಲ ಬರದ ತೋರಿಸಿದೆ. ಓದಿದ. ಎದ್ದು ಹೋದ. ನಾಕ ದಿನ ಆತು, ಮಾತಿಲ್ಲ.

ಅಕ್ಟೋಬರದಾಗ ನುಂಗೂ ಪರೀಕ್ಷಾ ಇತ್ತು. ಎಕ್ಸರೇ ಮುಂದ ಕುಂಡ್ರಿಸಿ ಅರದ ಸೇಬು ಬಾಯಾಗ ಇಟ್ರು. ಇಟಗೊಂಡ ಕುಂತೆ. ಗುರತ ಇಲ್ಲದ್ದನ್ನ ಗಂಟಲಾ ಒಳಗ ಬಿಡಲಿಲ್ಲ. ಫೇಲ್.

ಫೆಬ್ರುವರಿಗೆ ಮತ್ತೊಂದೈತಿ. ಅದೂ ಹೋದ್ರ ನಳಿಗಿ ಕಾಯಂ. ಮನಿಯಿಂದ ತಂದದ್ದೂ ನಡೀತೈತಿ ಅಂದಾಳ ಟೀಚರು. ಹದಾ ಹೆಂಗಿರಬೇಕಂತ ಕಾಗದ ಕೊಟ್ಟಾಳ, ಇದರ ಜೋಡಿ ಐತಿ.

ಜ್ವಾಳದ ಅಂಬಲಿ. ನಿನ್ನ ಕೈದು. ತಗೊಂಡ ಬಾ.

ಶಾರದವ್ವ


ಬರ್ಬ್ಯಾಂಕ್
3 ಜನವರಿ 2022

ಅವ್ವಾರೇ,

ನಿಮ್ಮ ಪತ್ರ ಬಂದ ದಿನ ಇಡೀ ಮಧ್ಯಾಹ್ನ ನಡೆದೆ. ಈ ಊರಿನಲ್ಲಿ ಯಾರೂ ನಡೆಯುವುದಿಲ್ಲ, ಇಬ್ಬರು ಕಾರು ನಿಲ್ಲಿಸಿ ಆರ್ ಯೂ ಓಕೆ ಅಂತ ಕೇಳಿದರು.

ನಾನು ಬರುವುದಿಲ್ಲ. ಸಿಟ್ಟಿಲ್ಲ, ನಂಬಿ. ಸ್ಟುಡಿಯೊದಲ್ಲಿ ಯಾರಾದರೂ ಕೆಮ್ಮಿದರೆ ತಿರುಗಿ ನೋಡುತ್ತೇನೆ. ಈಗ ಎಲ್ಲರೂ ನೋಡುತ್ತಾರೆ, ಆದರೆ ನಾನು ನೋಡುವುದು ಬೇರೆ ಕಾರಣಕ್ಕೆ. ಮತ್ತೊಂದು ಸಲ ನನ್ನ ಕೈಯಿಂದ ನಿಮ್ಮ ಬಾಯಿಗೆ ಏನಾದರೂ ಹೋಗಿ, ಮತ್ತೆ ಆ ಕೆಮ್ಮು ಬಂದರೆ? ಈ ಸಲ ನಿಮ್ಮ ಪುಪ್ಪುಸ ತಡೆಯುವುದಿಲ್ಲ ಅಂತ ಗೌರಿ ಅಕ್ಕ ಹೇಳಿದ್ದಾರೆ.

ಹದ ಮಾತ್ರ ಹುಡುಕಿದ್ದೇನೆ. ಟೀಚರ್ ಕಾಗದದ ಪ್ರಕಾರ ಚಮಚ ಓರೆ ಮಾಡಿದರೆ ಇಡೀ ಮುದ್ದೆ ಒಂದೇ ಸಲ ಜಾರಬೇಕು. ಎಳೆ ಬರಬಾರದು, ಚಮಚಕ್ಕೆ ಅಂಟಬಾರದು, ಸುತ್ತ ನೀರು ಬಿಡಬಾರದು. ಹತ್ತೊಂಬತ್ತು ಸಲ ಕಾಯಿಸಿದೆ. ನನ್ನ ರೂಮಿನಲ್ಲಿ ಸಿನಿಮಾ ಓದುವ ಮೈಸೂರಿನ ಹುಡುಗ ಇದ್ದಾನೆ, ಕಾರ್ತಿಕೇಯ ಅಂತ. ಚಮಚದಿಂದ ಅಂಬಲಿ ಬೀಳುವುದನ್ನು ಫೋನಿನಲ್ಲಿ ನಿಧಾನ ಮಾಡಿ ತೆಗೆದು ಕೊಡುತ್ತಾನೆ. ಮೊದಲ ದಿನ ಕೇಳಿದ:

"ಏನ್ ಮಗಾ ಇದು, ಗೋಡೆಗೆ ಪೋಸ್ಟರ್ ಅಂಟಿಸ್ತೀಯಾ?"

"ಉಣ್ಣಾಕಪ್ಪಾ."

"ನಿಮ್ಮೋರು ಇದನ್ನ ತಿಂದೂ ಬದುಕಿದಾರಾ?"

ಹದಿನೇಳನೇ ಸಲದ್ದನ್ನು ಅವನು ಮಜ್ಜಿಗೆ ಮೆಣಸಿನಕಾಯಿ ನಂಚಿಕೊಂಡು ಎರಡು ಬಟ್ಟಲು ಕುಡಿದ. ಆಮೇಲೆ ಪೋಸ್ಟರ್ ಸುದ್ದಿ ತೆಗೆದಿಲ್ಲ.

ಗೌರಿ ಅಕ್ಕನಿಗೆ ಹೇಳಿ: ಹಿಟ್ಟನ್ನು ಬಟ್ಟೆಯಲ್ಲಿ ಎರಡು ಸಲ ಸೋಸಬೇಕು. ಮಜ್ಜಿಗೆಯಲ್ಲಿ ತಣ್ಣಗೆ ಕಲಸಿ ಆಮೇಲೆ ಬಿಸಿ ನೀರಿಗೆ ಬಿಡಬೇಕು, ಬಿಸಿಗೆ ನೇರ ಹಿಟ್ಟು ಹಾಕಿದರೆ ಗಂಟು. ಜೀರಿಗೆ ಬೆಳ್ಳುಳ್ಳಿ ಅರೆದು ರಸ ಮಾತ್ರ. ಅಂಬಲಿ ಆರಿದಂತೆ ಗಟ್ಟಿಯಾಗುತ್ತದೆ, ಬಾಯಲ್ಲಿ ಜೊಲ್ಲು ಸೇರಿದಂತೆ ತೆಳುವಾಗುತ್ತದೆ. ಈ ಎರಡರ ನಡುವೆ ಹಿಡಿಯಬೇಕು. ಎಕ್ಸ್‌ರೇಯಲ್ಲಿ ಕಾಣಲಿ ಅಂತ ಅದಕ್ಕೆ ಬಿಳಿ ಪುಡಿ ಕಲಸುತ್ತಾರಂತೆ. ಅದು ಸೇರಿದರೆ ಮತ್ತೆ ಗಟ್ಟಿ. ಅದಕ್ಕೆ ಒಂದು ಕೂದಲೆಳೆ ಸಡಿಲ ಇರಲಿ.

ಕಷ್ಟವೇನಿಲ್ಲ, ಅಕ್ಕ ಮಾಡುತ್ತಾರೆ.

ಸಿದ್ದು


ಸ್ಯಾನ್ ಡಿಯಾಗೊ
29 ಜನವರಿ 2022

ಸಿದ್ದು,

ಗೌರಿ ಮಾಡಿದಳು. ಮೂರ ಸಲ. ಚಮಚಾ ಬೋರಲ ಹಾಕಿದ್ರೂ ಬೀಳಲಿಲ್ಲ. ಅತ್ತಿ, ಇದರಲೇ ಗ್ವಾಡಿ ಕಟ್ಟೂಣು ಅಂದಳು. ಇಬ್ಬರೂ ನಕ್ಕಿವಿ. ನಕ್ಕರ ಕೆಮ್ಮ ಬರತೈತಿ, ಆದ್ರೂ ನಕ್ಕೆ.

ಕಾಗದದ ಮ್ಯಾಲ ಹದಾ ಬರದಿ. ಕೈ ಹೆಂಗ ಬರೀತಿ?

ಹೆದರಿಕಿ ನನಗೂ ಐತಿ. ನುಂಗಾಕಿ ನಾ. ಹೆದರಿಕಿ ಇಲ್ಲಂತ ನಿನ್ನ ಕರ್ಯಾಕತ್ತಿಲ್ಲ.

ನೀ ಹೊರಗಿಂದ ಬರಾವ. ಹೊಸ್ತಿಲದಾಗ ನೀರು-ಬೆಲ್ಲ ನಾ ಕೊಡತೀನಿ. ಎಡಗೈಲೆ ಕೊಟ್ಟಳು ಅನ್ನಬ್ಯಾಡ. ಇರೂದ ಅದೊಂದ.

ಶಾರದವ್ವ

ಸಿದ್ದು, ಫೆಬ್ರುವರಿ 17, ಗುರುವಾರ, ಮುಂಜಾನೆ ಹತ್ತೂವರೆಗೆ ಟೆಸ್ಟ್. ಮನಿಗೇ ಬಾ, ಕೂಡೇ ಹೋಗೂಣು. ಅರ್ವೈನ್ ಹತ್ರ ಟ್ರಾಫಿಕ್ ಇರತೈತಿ, ಲಗೂ ಬಿಡು. ನಿನ್ನ ಹಂಚು ಅಲ್ಲೇ ಐತಿ, ಯಾರೂ ಮುಟ್ಟಿಲ್ಲ. ವಿಜಯ.


ಬರ್ಬ್ಯಾಂಕ್
17 ಫೆಬ್ರುವರಿ 2022, ಬೆಳಗಿನ ಐದೂಮುಕ್ಕಾಲು

ಅವ್ವಾರೇ,

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ, ಕೈಯಲ್ಲಿ ತರುತ್ತೇನೆ. ಎದುರಿಗೆ ನಿಂತರೆ ಮಾತು ಬರಲಿಕ್ಕಿಲ್ಲ. ಆಗ ನಮ್ಮಿಬ್ಬರಿಗೂ ಸ್ಲೇಟು ಬೇಕಾಗುತ್ತದೆ.

ವಿಜಯಣ್ಣನ ಆ ನಾಲ್ಕು ಸಾಲನ್ನು ಎಷ್ಟು ಸಲ ಓದಿದೆ ಅಂದರೆ ಕಾಗದ ಮಡಿಕೆಯಲ್ಲಿ ಹರಿದಿದೆ. ಅವರಿಗೆ ಏನು ಹೇಳಬೇಕು ಅಂತ ದಾರಿಯಲ್ಲಿ ಯೋಚಿಸುತ್ತೇನೆ. ನೀವು ಹೇಳಿದ್ದಿರಿ ಅಣ್ಣಾರೇ, ನಾನು ಕೇಳಿಸಿಕೊಂಡಿದ್ದೆ. ಅಷ್ಟು ಹೇಳಿದರೆ ಸಾಕು. ಅಷ್ಟೇ ಕಷ್ಟ.

ಲಿಂಡಾ ಹತ್ತಿರ ರಜೆ ಕೇಳಿದೆ. ಯಾಕೆ ಅಂದಳು. "ಒಬ್ಬರು ನನ್ನ ಅಡುಗೆ ತಿನ್ನಬಹುದು" ಅಂದೆ. "ಗ್ಲೂ, ದಟ್ಸ್ ಎ ಫಸ್ಟ್" ಅಂತ ನಕ್ಕು ಎರಡು ದಿನ ಕೊಟ್ಟಳು.

ನಾಲ್ಕಕ್ಕೆ ಎದ್ದು ಕಾಯಿಸಿದೆ. ಚಮಚ ಓರೆ ಮಾಡಿದೆ. ಒಂದೇ ಸಲ ಜಾರಿತು, ಚಮಚ ತೊಳೆದ ಹಾಗೆ ಇತ್ತು. ಮತ್ತೆ ಮಾಡಿದೆ, ಜಾರಿತು. ಸಂತೋಷ ಆಗಬೇಕಿತ್ತು, ಆಗಲಿಲ್ಲ. ಅಂಬಲಿಯನ್ನು ಫ್ಲಾಸ್ಕಿಗೆ ಹಾಕಿ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದು, ಹೋಗುವುದೇ ಬೇಡ ಅಂತ ಕುರ್ಚಿಯಲ್ಲಿ ಕೂತೆ. ಕಾರ್ತಿಕೇಯ ಕಣ್ಣುಜ್ಜುತ್ತ ಬಂದು, ಪಾತ್ರೆಯಲ್ಲಿ ಉಳಿದದ್ದನ್ನು ಬೆರಳಿನಿಂದ ಬಳಿದು ನೆಕ್ಕಿ, "ಉಪ್ಪು ಕರೆಕ್ಟಾಗಿದೆ, ಹೊರಡು ಮಗಾ" ಅಂದು ಮತ್ತೆ ಹೋಗಿ ಮಲಗಿದ.

ನಿಮ್ಮ ಗಂಟಲು ಇವತ್ತು ಇಳಿದು ಏರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಏರದಿದ್ದರೆ ನಾನು ಬರ್ಬ್ಯಾಂಕಿಗೆ ವಾಪಸು ಬರುವುದಿಲ್ಲ. ದಿನಾ ನಿಮ್ಮ ಮುಂದೆ ಕೂತು ರೊಟ್ಟಿ ಬಡಿಯುತ್ತೇನೆ, ಬಾಗಿಲು ತೆಗೆದಿಟ್ಟು. ನೀವು ತೆಳ್ಳಗೆ ಬಡಿ ಅಂತ ಸ್ಲೇಟಿನ ಮೇಲೆ ಬರೆಯಿರಿ. ಏರಿದರೆ ಆ ಮಾತು ಬೇರೆ. ಅದನ್ನು ಈಗ ಬರೆಯಲು ಧೈರ್ಯವಿಲ್ಲ.

ಹೊಸ್ತಿಲಲ್ಲಿ ತಂಬಿಗೆ ಕೊಡಿ. ಕುಡಿಯುತ್ತೇನೆ. ಬೆಲ್ಲವನ್ನು ಜೇಬಿಗೆ ಹಾಕಿಕೊಳ್ಳುವುದಿಲ್ಲ.

ಒಲೆ ಆರಿಸಿದೆ. ಅಂಬಲಿ ತುಂಬಿದ ಫ್ಲಾಸ್ಕನ್ನು ಟವಲಿನಲ್ಲಿ ಸುತ್ತಿದೆ.

ನಿಮ್ಮ
ಸಿದ್ದು

ಇದನ್ನು ನನ್ನ ರೂಮಿನ ಹೊರಗೆ ನಿಂತು, ಗೋಡೆಗೆ ಕಾಗದ ಒತ್ತಿ ಬರೆಯುತ್ತಿದ್ದೇನೆ. ಒಂದು ಕೈಯಲ್ಲಿ ಫ್ಲಾಸ್ಕು ಇದೆ, ಇನ್ನೂ ಬಿಸಿ ಇದೆ. ಬಾಗಿಲು ಹಾಕಿದೆ.